ಅಡಿಗೆ ಎಷ್ಟು ಇಂಚು?

ಭದ್ರಾವತಿಯ ಜನ್ನಾಪುರದಲ್ಲಾಗಲಿ, ಸುತ್ತಲಿನ ಹಳ್ಳಿಗಳಲ್ಲಾಗಲಿ, ಮಾಡು ಏರಿಸುವ ಆಚಾರ್ರು ಡಿಗ್ರಿಯ ಲೆಕ್ಕದಲ್ಲಿ ಮಾತಾಡುವುದಿಲ್ಲ. "ಅಡಿಗೆ ಎಷ್ಟು ಇಂಚು ಕೊಡೋಣ?" ಎನ್ನುತ್ತಾರೆ. ಗೋಡೆಯಿಂದ ಒಂದಡಿ ಒಳಕ್ಕೆ ಸರಿದರೆ ಮಾಡು ಎಷ್ಟು ಇಂಚು ಮೇಲೇರಿರಬೇಕು ಎಂಬುದು ಪ್ರಶ್ನೆ. ಈ ಇಳಿಜಾರಿಗೇ ವಾಟ ಎನ್ನುವುದು. ಆರು ಇಂಚು ಕೊಟ್ಟರೆ ಹೆಚ್ಚುಕಡಿಮೆ 26.5 ಡಿಗ್ರಿ, ನಾಲ್ಕಕ್ಕೆ 18, ಎರಡಕ್ಕೆ ಒಂಬತ್ತೂವರೆ. ಹನ್ನೆರಡು ಕೊಟ್ಟರೆ ಸರಿಯಾಗಿ 45. ದಾರ, ತೂಕದ ಗುಂಡು, ಟೇಪು ಇದ್ದರೆ ಸಾಕು, ಕೋನಮಾಪಕ ಬೇಡ. ಈ ಅಧ್ಯಾಯದಲ್ಲೂ ಅದೇ ಅಳತೆ ಇಟ್ಟುಕೊಳ್ಳೋಣ.

ಈ ಪ್ರಶ್ನೆಗೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರವಿದೆ: ಮಳೆ ಜಾಸ್ತಿ ಇರುವಲ್ಲಿ ವಾಟ ಜಾಸ್ತಿ, ಕಡಿಮೆ ಇರುವಲ್ಲಿ ಕಡಿಮೆ. ಭೂಪಟವೂ ಇದಕ್ಕೆ ಸಾಕ್ಷಿ ಹೇಳುವಂತಿದೆ. ಭದ್ರಾವತಿಯಿಂದ ಪಶ್ಚಿಮಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ವರ್ಷಕ್ಕೆ 7000 ಮಿ.ಮೀ. ದಾಟಿ ಸುರಿಸಿಕೊಳ್ಳುವ ಆಗುಂಬೆ. ಅಲ್ಲಿನ ಹಳೆಯ ಮನೆಗಳ ಮಾಡು ದೂರದಿಂದ ನೋಡಿದರೆ ಗೋಡೆಗಿಂತ ಎತ್ತರ. ಪೂರ್ವಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಚಿತ್ರದುರ್ಗ. ಅಲ್ಲಿ ಆಗುಂಬೆಯ ಮಳೆಯಲ್ಲಿ ಹತ್ತನೇ ಒಂದು ಪಾಲೂ ಇಲ್ಲ, ಹಳೆಯ ಮನೆಗಳದ್ದು ಮಟ್ಟಸವಾದ ಮಣ್ಣಿನ ಮಾಳಿಗೆ. ನಡುವೆ ಅರೆಮಲೆನಾಡಿನ ಭದ್ರಾವತಿ.

ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಪೂರ್ತಿ ನಿಜವಾಗಿದ್ದರೆ ಜನ್ನಾಪುರದ ಒಂದೇ ಬೀದಿಯಲ್ಲಿ ನಾಲ್ಕು ತರದ ವಾಟ ಇರಬೇಕಿರಲಿಲ್ಲ. ಹೆಂಚಿನ ಮನೆಯದ್ದು ಆರಿಂಚೋ ಏಳಿಂಚೋ, ಅದರ ಪಕ್ಕದ ಸಿಮೆಂಟ್ ಶೀಟಿನ ಮನೆಯದ್ದು ನಾಲ್ಕು, ಎದುರಿನ ತಾರಸಿಯ ಮೇಲೆ ಬಟ್ಟೆ ಒಣಗಲೆಂದು ಹೊದಿಸಿದ ಕಲರ್ ಶೀಟಿಗೆ ಒಂದೂವರೆ, ಆ ತಾರಸಿಗಂತೂ ಕಣ್ಣಿಗೆ ಕಾಣದಷ್ಟು. ಎಲ್ಲದರ ಮೇಲೂ ಬೀಳುವುದು ಅದೇ ಪುನರ್ವಸು ಮಳೆ, ಅದೇ ಪುಷ್ಯ ಮಳೆ. ಅಂದರೆ ವಾಟವನ್ನು ಮೊದಲು ತೀರ್ಮಾನಿಸುವುದು ಎಷ್ಟು ಮಳೆ ಬೀಳುತ್ತದೆ ಎಂಬುದಲ್ಲ, ಮಾಡಿನಲ್ಲಿ ಎಷ್ಟು ಸಂದಿಗಳಿವೆ ಎಂಬುದು.

ನೀರು ಇಳಿಯುತ್ತದೆ ಎಂದಷ್ಟೇ ನಂಬಿದವರ ಮನೆ ಸೋರುತ್ತದೆ. ನೀರು ಏರುವುದೂ ಉಂಟು. ಎರಡು ಗಾಜಿನ ಹಲಗೆಗಳನ್ನು ಅರ್ಧ ಮಿಲಿಮೀಟರ್ ಸಂದಿ ಬಿಟ್ಟು ಜೋಡಿಸಿ ನೀರಿನಲ್ಲಿ ನಿಲ್ಲಿಸಿದರೆ, ಸಂದಿಯೊಳಗೆ ನೀರು ತಾನಾಗಿಯೇ ಸುಮಾರು ಮೂರು ಸೆಂಟಿಮೀಟರ್ ಮೇಲೇರಿ ನಿಲ್ಲುತ್ತದೆ. ಮೇಲ್ಮೈ ಸೆಳೆತದಿಂದಾಗುವ ಇದನ್ನು ಶಾಲೆಯಲ್ಲಿ ಕೇಶಾಕರ್ಷಣೆ ಎಂದು ಓದಿರುತ್ತೇವೆ. ಸಂದಿ ಒಂದು ಮಿಲಿಮೀಟರ್ ಆದರೆ ಏರಿಕೆ ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಸಂದಿ ಕಿರಿದಾದಷ್ಟೂ ಏರಿಕೆ ಜಾಸ್ತಿ. ಚೆನ್ನಾಗಿ ಒತ್ತಿ ಕೂರಿಸಿದರೆ ಸೋರುವುದಿಲ್ಲ ಎಂದು ನಂಬಿರುವವರಿಗೆ ಇದು ಕಹಿ ಸುದ್ದಿ.

ಒಂದು ಶೀಟಿನ ಮೇಲೆ ಇನ್ನೊಂದು ಶೀಟು ಕೂರುವ ಜಾಗವೂ ಇಂಥದೇ ಸಂದಿ. ಕೆಲಸದವರು ಅದನ್ನು ಲ್ಯಾಪು ಎನ್ನುತ್ತಾರೆ. ಸಿಮೆಂಟ್ ಶೀಟಿಗೆ ಸಾಮಾನ್ಯವಾಗಿ ಬಿಡುವ ಲ್ಯಾಪು ಆರು ಇಂಚು, ಅಂದರೆ 15 ಸೆಂ.ಮೀ. ಅಡಿಗೆ ನಾಲ್ಕಿಂಚು ವಾಟ ಕೊಟ್ಟರೆ ಈ 15 ಸೆಂ.ಮೀ. ಉದ್ದದ ಲ್ಯಾಪು ನೆಟ್ಟಗೆ ಅಳೆದಾಗ ಸುಮಾರು 4.7 ಸೆಂ.ಮೀ. ಎತ್ತರ ಕೊಡುತ್ತದೆ. ಮೂರು ಸೆಂ.ಮೀ. ಏರಬಲ್ಲ ನೀರು ಅದನ್ನು ದಾಟಲಾರದು. ವಾಟವನ್ನು ಎರಡಿಂಚಿಗೆ ಇಳಿಸಿ ನೋಡಿ. ಲ್ಯಾಪು ಅಷ್ಟೇ ಉದ್ದವಿದ್ದರೂ ಎತ್ತರ 2.5 ಸೆಂ.ಮೀ.ಗೆ ಕುಸಿಯಿತು. ಈಗ ನೀರು ನಿಧಾನವಾಗಿ ಮೇಲ್ಮುಖವಾಗಿ ತೆವಳಿ ಲ್ಯಾಪಿನ ಮೇಲ್ತುದಿ ಮುಟ್ಟುತ್ತದೆ, ಮುಟ್ಟಿ ಒಳಗೆ ತೊಟ್ಟಿಕ್ಕುತ್ತದೆ. ಮಳೆ ಜೋರಾಗಿರಬೇಕೆಂದೇನೂ ಇಲ್ಲ, ಇಡೀ ದಿನ ಹಿಡಿದ ಸೋನೆ ಸಾಕು.

ಗಾಳಿ ಸೇರಿದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಗಂಟೆಗೆ 54 ಕಿ.ಮೀ. ವೇಗದ ಗಾಳಿ ಎದುರಿಗೆ ಬಂದು ಒತ್ತಿದರೆ ಆ ಒತ್ತಡಕ್ಕೆ ನೀರನ್ನು ಒಂದೂಕಾಲು-ಒಂದೂವರೆ ಸೆಂಟಿಮೀಟರ್ ಎತ್ತುವ ಶಕ್ತಿಯಿದೆ, 72 ಕಿ.ಮೀ. ಆದರೆ ಎರಡೂವರೆಯ ಹತ್ತಿರ. ಮಾಡಿನ ವಾಟದ ನಿಜವಾದ ಕೆಲಸ ಇದು: ನೀರನ್ನು ಬೇಗ ಓಡಿಸುವುದು ಆಮೇಲಿನ ಮಾತು, ಪ್ರತಿಯೊಂದು ಸಂದಿಯ ಬಾಯಿಯನ್ನೂ ನೀರು ಏರಬಲ್ಲ ಎತ್ತರಕ್ಕಿಂತ ಮೇಲಿಡುವುದು ಮೊದಲು. ಮಳೆಯ ಪ್ರಮಾಣಕ್ಕೂ ಇದರಲ್ಲಿ ಪಾಲುಂಟು. ಆಗುಂಬೆಯಲ್ಲಿ ಸಂದಿಗಳು ತಿಂಗಳುಗಟ್ಟಲೆ ಒಣಗುವುದೇ ಇಲ್ಲ, ಹಾಗಾಗಿ ಅಲ್ಲಿ ಯಾವ ಸಂದಿಗೂ ರಿಯಾಯಿತಿಯಿಲ್ಲ. ಭದ್ರಾವತಿಯಲ್ಲಿ ಸಣ್ಣಪುಟ್ಟ ತಪ್ಪುಗಳನ್ನು ಬಿಸಿಲು ಮುಚ್ಚಿಹಾಕುತ್ತದೆ.

ಈ ಕಣ್ಣಿನಿಂದ ಒಂದೊಂದೇ ಹೊದಿಕೆಯನ್ನು ನೋಡುತ್ತ ಹೋಗಬಹುದು.

ಅಡಿಕೆ ಸೋಗೆ, ಕರಡದ ಹುಲ್ಲು, ಭತ್ತದ ಹುಲ್ಲು ಇವುಗಳಲ್ಲಿ ಇರುವುದೆಲ್ಲ ಸಂದಿಯೇ. ಆದರೂ ಸೋರುವುದಿಲ್ಲ, ಏಕೆಂದರೆ ಹನಿಯೊಂದು ಕಡ್ಡಿಯ ಗುಂಟ ಇಳಿದು ಅದರ ತುದಿಯಲ್ಲಿ ಕೆಳಗಿನ ಕಡ್ಡಿಗೆ ದಾಟಿ, ಅಲ್ಲಿಂದ ಮುಂದಿನದಕ್ಕೆ ದಾಟಿ, ಒಳಕ್ಕೆ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಸೂರಂಚು ತಲುಪಿರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹುಲ್ಲು ಪದರದ ಮೇಲೆ ಪದರವಾಗಿ ಕೂರುವುದರಿಂದ ಕಡ್ಡಿಯ ಇಳಿಜಾರು ಮಾಡಿನ ಇಳಿಜಾರಿಗಿಂತ ಯಾವಾಗಲೂ ಕಡಿಮೆ. ಮಾಡು 45 ಡಿಗ್ರಿ ಇದ್ದರೂ ಒಳಗಿನ ಕಡ್ಡಿ ಅದಕ್ಕಿಂತ ಎಷ್ಟೋ ಮಟ್ಟಸವಾಗಿ ಮಲಗಿರುತ್ತದೆ. ಅದಕ್ಕೇ ಹುಲ್ಲಿನ ಮಾಡಿಗೆ ಅಡಿಗೆ ಹನ್ನೆರಡು ಇಂಚು ಕೊಡಬೇಕು, ಅದಕ್ಕಿಂತ ಜಾಸ್ತಿಯಾದರೆ ಇನ್ನೂ ಒಳ್ಳೆಯದು. ಎಂಟು ಇಂಚಿನ ಸೋಗೆ ಮಾಡು ಮೊದಲ ವರ್ಷ ಹೇಗೋ ತಳ್ಳೀತು. ಎರಡನೇ ಮಳೆಗಾಲದಲ್ಲಿ ಕೊಳೆಯತೊಡಗುತ್ತದೆ.

ಕುಂಬಾರರು ತಿಗರಿಯಲ್ಲಿ ತಿರುವಿ ಸೀಳಿ ಸುಟ್ಟ ನಾಡಹೆಂಚಿನ ಕಥೆ ಬೇರೆ. ಮಲಗಿದ ಹೆಂಚಿನ ಸಾಲಿನ ಮೇಲೆ ಬೋರಲು ಹೆಂಚಿನ ಸಾಲು, ಎರಡನ್ನೂ ಹಿಡಿದಿಡುವುದು ಬರೀ ತೂಕ ಮತ್ತು ಘರ್ಷಣೆ. ಮೊಳೆಯಿಲ್ಲ, ಕೊಕ್ಕೆಯಿಲ್ಲ. ಸುಟ್ಟ ಮಣ್ಣಿನ ಮೇಲೆ ಸುಟ್ಟ ಮಣ್ಣು ಸುಮಾರು 30 ಡಿಗ್ರಿಯ ಆಚೆಗೆ ಜಾರತೊಡಗುತ್ತದೆ. ಹೀಗಾಗಿ ನಾಡಹೆಂಚಿನ ಮನೆ ಕಟ್ಟುವವನಿಗೆ ಆಯ್ಕೆ ಬಹಳ ಇಕ್ಕಟ್ಟು: ವಾಟ ಕಡಿಮೆಯಾದರೆ ಸೋರುತ್ತದೆ, ಜಾಸ್ತಿಯಾದರೆ ಹೆಂಚೇ ಅಂಗಳಕ್ಕೆ ಬರುತ್ತದೆ. ಆರಿಂಚಿನ ಆಸುಪಾಸಿನಲ್ಲೇ ಬದುಕಬೇಕು. ಪ್ರತಿ ಮಳೆಗಾಲದ ಮುಂಚೆ ಹೆಂಚು ಕೈಯಾಡಿಸುವ ಕೆಲಸ ಹುಟ್ಟಿದ್ದೇ ಇದರಿಂದ. ಜಾರಿದ್ದನ್ನು ಮೇಲೆ ತಳ್ಳುವುದು, ಒಡೆದದ್ದನ್ನು ಬದಲಿಸುವುದು, ಮಂಗಗಳು ಓಡಾಡಿ ಕದಲಿಸಿದ್ದನ್ನು ಸರಿಪಡಿಸುವುದು. ಮಂಗಗಳ ಬಾಬತ್ತು ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ, ಮಲೆನಾಡಿನ ಮಾಡಿನ ಆಯುಷ್ಯ ಮಾತ್ರ ಅವುಗಳ ಮೇಲೂ ನಿಂತಿದೆ.

ಈ ಇಕ್ಕಟ್ಟನ್ನು ಬಿಡಿಸಿದ್ದು ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಒಂದಕ್ಕೊಂದು ಸಿಕ್ಕಿಕೊಳ್ಳುವ ಹೆಂಚಿನ ವಿದ್ಯೆ ಅದಕ್ಕೂ ಮೊದಲಿನದು, ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣು ಆ ವಿದ್ಯೆಗೆ ಹೇಳಿ ಮಾಡಿಸಿದಂತಿತ್ತು.

ಮಂಗಳೂರು ಹೆಂಚೊಂದನ್ನು ಕೈಗೆತ್ತಿಕೊಂಡು ಬೋರಲು ಹಾಕಿ ನೋಡಿ. ಮೇಲ್ತುದಿಯ ಅಡಿಯಲ್ಲಿ ಎರಡು ಗುಬಟುಗಳಿವೆ, ಅವು ರೀಪಿಗೆ ತಗುಲಿಕೊಳ್ಳುತ್ತವೆ. ಇನ್ನು ಹೆಂಚು ಜಾರುವ ಪ್ರಶ್ನೆಯೇ ಇಲ್ಲ. ಘರ್ಷಣೆ ಹಾಕಿದ್ದ ಮೇಲಿನ ಮಿತಿ ಈ ಎರಡು ಗುಬಟುಗಳಿಂದ ಕಿತ್ತುಹೋಯಿತು, 45 ಡಿಗ್ರಿಯವರೆಗೂ ಧಾರಾಳವಾಗಿ ಏರಿಸಬಹುದಾಯಿತು. ಅದಕ್ಕಿಂತ ಕಡಿದಾದರೆ ತಂತಿಯಿಂದ ಬಿಗಿಯಬೇಕು. ಈಗ ಅಂಚುಗಳನ್ನು ನೋಡಿ. ಒಂದು ಬದಿಯಲ್ಲಿ ಏಣು, ಇನ್ನೊಂದು ಬದಿಯಲ್ಲಿ ಗಾಡಿ, ಅಂದರೆ ಉದ್ದನೆಯ ತೋಡು. ಪಕ್ಕದ ಹೆಂಚಿನ ಏಣು ಇದರ ಗಾಡಿಯಲ್ಲಿ ಕೂರುತ್ತದೆ. ತಪ್ಪಿ ಒಳನುಗ್ಗಿದ ನೀರು ಆ ಗಾಡಿಯಲ್ಲಿ ಇಳಿದು ಕೆಳಗಿನ ಹೆಂಚಿನ ಬೆನ್ನಿಗೆ ಹೋಗುತ್ತದೆ. ಮುಖ್ಯ ವಿಷಯವೆಂದರೆ ಈ ಗಾಡಿ ಅರ್ಧ ಮಿಲಿಮೀಟರಿನದಲ್ಲ, ಬೆರಳಗಲದ್ದು. ಅಷ್ಟು ಅಗಲದ ಜಾಗದಲ್ಲಿ ಕೇಶಾಕರ್ಷಣೆ ಸತ್ತುಹೋಗುತ್ತದೆ. ಸಂದಿಯನ್ನು ಮುಚ್ಚುವ ಬದಲು ಬೇಕೆಂದೇ ಅಗಲ ಮಾಡಿ ನೀರನ್ನು ಸೋಲಿಸಿದ ಉಪಾಯವಿದು. ಈ ಹೆಂಚನ್ನು ಮೆಚ್ಚುವವರೆಲ್ಲ ಅದರ ಕೆಂಪು ಬಣ್ಣವನ್ನು ಹೊಗಳುತ್ತಾರೆ, ನನಗೆ ಆ ಗಾಡಿಯೇ ದೊಡ್ಡದಾಗಿ ಕಾಣುತ್ತದೆ.

ಆದರೆ ಕೆಳಗಿನ ಮಿತಿ ಹಾಗೇ ಉಳಿದಿದೆ. ಸುಮಾರು 41 ಸೆಂ.ಮೀ. ಉದ್ದದ ಹೆಂಚಿಗೆ ರೀಪಿನಿಂದ ರೀಪಿಗೆ 32 ಸೆಂ.ಮೀ. ಬಿಟ್ಟರೆ ಮೇಲುಕೆಳಗಿನ ಲ್ಯಾಪು ಎಂಟೊಂಬತ್ತು ಸೆಂ.ಮೀ. ಮಾತ್ರ. ಆರಿಂಚು ವಾಟದಲ್ಲಿ ಅದು ಕೊಡುವ ಎತ್ತರ ನಾಲ್ಕು ಸೆಂ.ಮೀ.ಗೆ ಸ್ವಲ್ಪ ಕಡಿಮೆ, ಸಾಕಾಗುತ್ತದೆ. ನಾಲ್ಕಿಂಚಿಗೆ ಇಳಿಸಿದರೆ ಮೂರಕ್ಕಿಂತ ಕೆಳಗೆ, ಸಾಕಾಗುವುದಿಲ್ಲ. ಭದ್ರಾವತಿಯ ಸೀಮೆಗೆ ಆರಿಂಚು, ತೀರ್ಥಹಳ್ಳಿಯ ಕಡೆಗೆ ಏಳರಿಂದ ಒಂಬತ್ತು ಎಂದು ನಾನು ಹೇಳುತ್ತೇನೆ.

ಖರ್ಚಿನ ಲೆಕ್ಕವೂ ಇದೆ. 30 ಅಡಿಗೆ 40 ಅಡಿ ಜಾಗವನ್ನು ಏಳಿಂಚು ವಾಟದಲ್ಲಿ ಮುಚ್ಚಲು, ಚದರ ಮೀಟರಿಗೆ 15 ಹೆಂಚಿನಂತೆ, ಸುಮಾರು 1900 ಹೆಂಚು ಬೇಕು. ಹನ್ನೆರಡಿಂಚಿಗೆ ಏರಿಸಿದರೆ 2350 ದಾಟುತ್ತದೆ. ಜೊತೆಗೆ ಪಕಾಸು, ರೀಪು ಎಲ್ಲವೂ ಉದ್ದವಾಗಬೇಕು. ಭದ್ರಾವತಿಯಲ್ಲಿ ಆಗುಂಬೆಯ ಮಾಡು ಕಟ್ಟುವುದು ಚೆಂದಕ್ಕೆ ಸರಿ, ಅಗತ್ಯಕ್ಕಲ್ಲ.

ಕಲ್ಲಿನಲ್ಲೂ ಈ ಸಂದಿಯ ಲೆಕ್ಕ ಮಾಡಿದವರಿದ್ದಾರೆ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಮಾಡು ಇಳಿಜಾರಾಗಿ ಕೂರಿಸಿದ ಕಲ್ಲು ಚಪ್ಪಡಿಗಳದು. ಚಪ್ಪಡಿಗಳ ನಡುವಿನ ಸಂದಿಯ ಮೇಲೆ ಕಲ್ಲಿನದೇ ಉದ್ದ ಪಟ್ಟಿಗಳನ್ನು ಹೊದಿಸಿದ್ದಾರೆ. ಚಪ್ಪಡಿ ದೊಡ್ಡದು, ಸಂದಿ ಕಡಿಮೆ, ಹಾಗಾಗಿ ವಾಟವೂ ಹುಲ್ಲಿನ ಮಾಡಿಗಿಂತ ಎಷ್ಟೋ ಕಡಿಮೆ.

ಇನ್ನು ಶೀಟು. ಮೈಸೂರು ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಗೆ ಶೆಡ್ಡುಗಳ ತಗಡಿನ ಮಾಡು ಹೊಸತೇನಲ್ಲ. ಅಲೆಅಲೆಯಾದ ತಗಡಿಗೆ ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಪೇಟೆಂಟ್ ಪಡೆದ. ಒಂದು ಹಾಳೆಯನ್ನು ಬೀಸಣಿಗೆಯಂತೆ ಮಡಿಸಿದರೆ ಅದು ಬಾಗದೆ ನಿಲ್ಲುವ ಹಾಗೆ ತೆಳು ತಗಡಿಗೆ ಅಲೆಗಳು ಬಿಗಿ ಕೊಡುತ್ತವೆ. ನೀರಿಗೆ ಅವೇ ಕಾಲುವೆ, ಆದ್ದರಿಂದ ಅಕ್ಕಪಕ್ಕದ ಸಂದಿ ಯಾವಾಗಲೂ ಅಲೆಯ ಏಣಿನ ಮೇಲೆ ಬರಬೇಕು. ಬೋಲ್ಟು ಕೂಡ ಏಣಿನ ಮೇಲೇ.

ಸಿಮೆಂಟ್ ಶೀಟು ಸಾಮಾನ್ಯವಾಗಿ ಮೂರು ಮೀಟರಿಗಿಂತ ಉದ್ದ ಬರುವುದಿಲ್ಲ. ಮಾಡು ಅದಕ್ಕಿಂತ ಉದ್ದವಾದರೆ ಲ್ಯಾಪು ಬಂದೇ ಬರುತ್ತದೆ, ಲ್ಯಾಪು ಬಂದರೆ ಮೊದಲು ಹೇಳಿದ ನಾಲ್ಕಿಂಚಿನ ಲೆಕ್ಕ ಬರುತ್ತದೆ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅವನ್ನು ಕೊರೆಯುವಾಗ, ಮುರಿಯುವಾಗ, ಪಾಚಿ ಕೆರೆಯುವಾಗ ಏಳುವ ಧೂಳಿನಲ್ಲಿರುವ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ. ವಾಟ ಸರಿಯಿಲ್ಲವೆಂದು ಹಳೆಯ ಶೀಟನ್ನು ಬಿಚ್ಚಿ ಕತ್ತರಿಸಿ ಮತ್ತೆ ಹೊದಿಸುವ ಉಳಿತಾಯ ಬೇಡ.

ಕಲರ್ ಶೀಟು ಈ ಆಟದ ನಿಯಮವನ್ನೇ ಬದಲಿಸಿತು. ಅದನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. ನೆತ್ತಿಯಿಂದ ಸೂರಂಚಿನವರೆಗೆ ಒಂದೇ ತುಂಡಾದರೆ ಅಡ್ಡ ಲ್ಯಾಪೇ ಇಲ್ಲ. ಆಗ ಅಡಿಗೆ ಒಂದೂವರೆ-ಎರಡು ಇಂಚು ಕೊಟ್ಟರೂ ನಡೆಯುತ್ತದೆ. ಆದರೆ ಇದರಲ್ಲಿ ಬೇರೆ ತರದ ತೂತುಗಳಿವೆ, ಪ್ರತಿ ಸ್ಕ್ರೂವೂ ಒಂದು ತೂತು. 20 ಅಡಿ ಶೀಟು ಮಧ್ಯಾಹ್ನದ ಬಿಸಿಲಿಗೂ ಬೆಳಗಿನ ಜಾವದ ತಂಪಿಗೂ ನಡುವೆ 40 ಡಿಗ್ರಿ ಏರಿಳಿದರೆ ಮೂರು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ದಿನವೂ ಈ ಎಳೆದಾಟ ನಡೆದು ತೂತು ಅಗಲವಾಗುತ್ತದೆ, ರಬ್ಬರ್ ವಾಷರ್ ಬಿರುಕು ಬಿಡುತ್ತದೆ. ಕಲರ್ ಶೀಟು ಸೋರುತ್ತದೆ ಎಂಬ ದೂರು ಬಂದರೆ ಶೀಟನ್ನು ಬೈಯುವ ಮೊದಲು ವಾಷರ್ ನೋಡಬೇಕು.

ಕಡಿಮೆ ವಾಟಕ್ಕೆ ಇನ್ನೊಂದು ದಂಡವಿದೆ. ಗಾಳಿ ಕಡಿಮೆ ವಾಟದ ಮಾಡನ್ನು ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಏಳಿಂಚು ದಾಟಿದ ಮೇಲೆ ಗಾಳಿಯ ಎದುರಿನ ಬದಿಯಲ್ಲಿ ಹೀರುವುದು ನಿಂತು ಒತ್ತುವುದು ಶುರುವಾಗುತ್ತದೆ. ಗಂಟೆಗೆ 108 ಕಿ.ಮೀ. ಬೀಸುವ ಗಾಳಿಯ ಬಲ ಚದರ ಮೀಟರಿಗೆ 55 ಕೆ.ಜಿ. ತೂಕಕ್ಕೆ ಸಮ. ಮಂಗಳೂರು ಹೆಂಚಿನ ಹೊದಿಕೆಯ ತೂಕ ಅಷ್ಟೇ ಜಾಗಕ್ಕೆ 40 ಕೆ.ಜಿ.ಯ ಆಸುಪಾಸು. ಅರ್ಧ ಮಿಲಿಮೀಟರ್ ದಪ್ಪದ ಕಲರ್ ಶೀಟು ಐದು ಕೆ.ಜಿ. ಕೂಡ ಇಲ್ಲ. ಹೆಂಚು ತನ್ನ ತೂಕದ ಬಲದಿಂದ ಕೂರುತ್ತದೆ, ಶೀಟು ಸ್ಕ್ರೂವಿನ ದಯೆಯಿಂದ. ಭರಣಿ ಮಳೆಯ ಗುಡುಗು-ಗಾಳಿಗೆ ಹಾರಿಹೋಗಿ ಪಕ್ಕದ ಮನೆಯ ತೆಂಗಿನಮರಕ್ಕೆ ಸಿಕ್ಕಿಕೊಳ್ಳುವುದು ಯಾವಾಗಲೂ ತಾರಸಿಯ ಮೇಲಿನ ಶೀಟೇ, ನಾಲ್ಕೂ ಕಡೆ ಗೋಡೆಯಿಲ್ಲದೆ ಅಡಿಯಿಂದಲೂ ಗಾಳಿ ತಳ್ಳುವುದರಿಂದ.

ಸಂದಿಯೇ ಇಲ್ಲದ ಹೊದಿಕೆಗೆ ವಾಟವೇ ಬೇಡವೇ? ಚಿತ್ರದುರ್ಗದ ಕಡೆಯ ಮಣ್ಣಿನ ಮಾಳಿಗೆಯವರು ಬಹುಮಟ್ಟಿಗೆ ಹೌದು ಎನ್ನುತ್ತಿದ್ದರು. ಜಂತಿಯ ಮೇಲೆ ಕಡ್ಡಿ ಹಾಸಿ, ಮಣ್ಣು ತುಳಿದು, ಕೊನೆಗೆ ಮೇಲೊಂದು ಪದರ ಸವಳು ಮಣ್ಣು. ಬೇಸಾಯಕ್ಕೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದೊಡನೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ, ಉಬ್ಬಿ, ರಂಧ್ರಗಳನ್ನು ತುಂಬಿಬಿಡುತ್ತವೆ. ಮಳೆಯೇ ಮಾಳಿಗೆಯ ಸೋರಿಕೆಯನ್ನು ಮುಚ್ಚುತ್ತದೆ. ಹೊಲದಲ್ಲಿ ನೀರು ಇಂಗಗೊಡದ ದೋಷವೇ ಮಾಳಿಗೆಯ ಮೇಲೆ ಗುಣ. ಆದರೆ ತಿಂಗಳುಗಟ್ಟಲೆ ಮಳೆ ಹಿಡಿದರೆ ಇಡೀ ಮಾಳಿಗೆ ನೆನೆದು ಭಾರವಾಗಿ ಜಂತಿ ಮುರಿಯುತ್ತದೆ. ಈ ವಿದ್ಯೆ ಭದ್ರಾವತಿ ದಾಟಿ ಪಶ್ಚಿಮಕ್ಕೆ ಬರದೆ ಉಳಿದದ್ದು ಅದಕ್ಕೆ.

ಇವತ್ತಿನ ಆರ್‌ಸಿಸಿ ತಾರಸಿಯೂ ಸಂದಿಯಿಲ್ಲದ್ದೇ. ಅದಕ್ಕೆ ನೂರಕ್ಕೆ ಒಂದು ವಾಟ ಸಾಕು ಎಂಬುದು ರೂಢಿ, ಅಂದರೆ ಹತ್ತಡಿಗೆ ಒಂದೂಕಾಲು ಇಂಚು. ಈ ರೂಢಿ ನನಗೆ ಒಪ್ಪಿಗೆಯಿಲ್ಲ. ಕಾಂಕ್ರೀಟು ವರ್ಷಗಳು ಕಳೆದಂತೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಎರಡು ಗೋಡೆಗಳ ಅಂತರದಲ್ಲಿ 250ನೇ ಒಂದು ಭಾಗದಷ್ಟು ಬಾಗುವುದನ್ನು ಭಾರತೀಯ ಮಾನಕ ಐಎಸ್ 456 ಕೂಡ ಒಪ್ಪುತ್ತದೆ. ನಾಲ್ಕೂವರೆ ಮೀಟರ್ ಅಗಲದ ತಾರಸಿ ಎಂದುಕೊಳ್ಳಿ. ನೂರಕ್ಕೆ ಒಂದರಂತೆ ಕೊಟ್ಟ ವಾಟದಲ್ಲಿ ನಡುಭಾಗ ನೀರು ಹೋಗುವ ಪೈಪಿನ ಬಾಯಿಗಿಂತ 22 ಮಿ.ಮೀ. ಎತ್ತರದಲ್ಲಿರುತ್ತದೆ. ಅಲ್ಲೇ 18 ಮಿ.ಮೀ. ಬಾಗಿದರೆ ಉಳಿದದ್ದು ನಾಲ್ಕು. ಆಮೇಲೆ ಪೈಪಿನತ್ತ ಹೋಗಬೇಕಾದ ನೀರು ಅರ್ಧ ದಾರಿಯಲ್ಲೇ ನಿಂತು, ಮಳೆ ಬಿಟ್ಟು ಎರಡು ದಿನವಾದರೂ ಆಕಾಶ ನೋಡುತ್ತ ಮಲಗಿರುತ್ತದೆ. ಕೂದಲೆಳೆಯ ಬಿರುಕು ಹುಡುಕಲು ನೀರಿಗೆ ಅಷ್ಟು ಸಮಯ ಧಾರಾಳ. ಮಲೆನಾಡಿನ ಅಂಚಿನಲ್ಲಿ ತಾರಸಿಗೆ ಅರವತ್ತಕ್ಕೆ ಒಂದು, ಹತ್ತಡಿಗೆ ಎರಡಿಂಚು ಕೊಡಿಸಿ. ಗಾರೆಯವರು ಸಿಮೆಂಟು ಜಾಸ್ತಿ ಹಿಡಿಯುತ್ತದೆ ಎಂದು ಗೊಣಗುತ್ತಾರೆ, ಗೊಣಗಲಿ.

ಇಳಿಜಾರು ಕಾಂಕ್ರೀಟು ಹಾಕಿಸಿ ಅದರ ಮೇಲೆ ಹೆಂಚು ಅಂಟಿಸುವ ಶೋಕಿಯ ಬಗ್ಗೆ ಒಂದೇ ಮಾತು: ಅಲ್ಲಿ ಹೆಂಚು ಒಡವೆ, ಮಳೆ ತಡೆಯುವುದು ಕಾಂಕ್ರೀಟು. ಅಂಟಿಸಿದ ಹೆಂಚಿನ ಅಡಿ ಗಾಳಿಯಾಡದೆ ತೇವ ಉಳಿಯುತ್ತದೆ.

ಮಾಡಿನ ತಪ್ಪುಗಳು ಅತಿ ಹೆಚ್ಚು ಕಾಣುವುದು ಮುಖ್ಯ ಮನೆಯಲ್ಲಲ್ಲ, ಆಮೇಲೆ ಸೇರಿಸಿದ ಜಗಲಿಯಲ್ಲಿ. ಹೆಂಚಿನ ಮನೆಯ ಸೂರು ಒಂಬತ್ತಡಿ ಎತ್ತರದಲ್ಲಿದೆ, ಮುಂದೆ ಎಂಟಡಿ ಜಗಲಿ ಬೇಕು ಎಂದಿಟ್ಟುಕೊಳ್ಳಿ. ಆರಿಂಚಿನ ವಾಟವನ್ನೇ ಮುಂದುವರಿಸಿದರೆ ಎಂಟಡಿಗೆ ನಾಲ್ಕಡಿ ಇಳಿಯುತ್ತದೆ, ಹೊರಗಿನ ಸೂರು ಐದಡಿಗೆ ಬಂದು ನಿಲ್ಲುತ್ತದೆ. ಬಂದ ನೆಂಟರೆಲ್ಲ ಹಣೆ ಹೊಡೆಸಿಕೊಳ್ಳಬೇಕು. ಅದಕ್ಕೆ ಮನೆಯವರು ವಾಟವನ್ನು ಮೂರಿಂಚಿಗೆ ಇಳಿಸಿ, ಹೆಂಚು ಮಾತ್ರ ಅದನ್ನೇ ಮುಂದುವರಿಸುತ್ತಾರೆ. ಏಳಡಿ ಎತ್ತರವೇನೋ ಸಿಗುತ್ತದೆ. ಆದರೆ ಮೇಲಿನ ಇಡೀ ಮಾಡಿನ ನೀರು ಬಂದು ಬೀಳುವುದು ಈ ಮಟ್ಟಸದ ಹೆಂಚಿನ ಮೇಲೆ, ಎಂಟೊಂಬತ್ತು ಸೆಂ.ಮೀ. ಲ್ಯಾಪು ಇಲ್ಲಿ ಕೊಡುವ ಎತ್ತರ ಎರಡು ಸೆಂ.ಮೀ. ಮಾತ್ರ. ಆಷಾಢ ಬರುವಷ್ಟರಲ್ಲಿ ಜಗಲಿಯಲ್ಲಿ ಬಕೆಟ್ಟು ಇಟ್ಟಿರುತ್ತಾರೆ.

ಹೆಂಚೇ ಬೇಕೆಂಬ ಹಟ ಬಿಟ್ಟರೆ ದಾರಿ ಸಲೀಸು. ಜಗಲಿಗೆ ಅಡ್ಡ ಲ್ಯಾಪಿಲ್ಲದ ಒಂದೇ ತುಂಡಿನ ಶೀಟು, ಅಡಿಗೆ ಎರಡಿಂಚು. ಎಂಟಡಿಗೆ ಹದಿನಾರು ಇಂಚು ಇಳಿದರೂ ಸೂರು ಏಳಡಿ ಎಂಟಿಂಚಿನಲ್ಲಿ ಉಳಿಯುತ್ತದೆ. ಶೀಟಿನ ಮೇಲ್ತುದಿಯನ್ನು ಹೆಂಚಿನ ಸೂರಂಚಿನ ಅಡಿಗೆ ಒಂದಡಿಯಾದರೂ ತೂರಿಸಬೇಕು, ಅಲೆಗಳ ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಮಡಿಸಬೇಕು. ಗಾಳಿ ಎಷ್ಟೇ ತಳ್ಳಿದರೂ ನೀರು ಆ ಮಡಿಕೆಗೆ ತಾಗಿ ಹಿಂದಿರುಗುತ್ತದೆ. ಶೀಟು ಹೊದಿಸುವ ವೆಲ್ಡಿಂಗ್‌ನವರು ಈ ಮಡಿಕೆ ಹಾಕದೆ ಹೊರಡುವುದೇ ಹೆಚ್ಚು. ಅವರು ಏಣಿ ತೆಗೆಯುವ ಮುಂಚೆ ನಾವೇ ಹತ್ತಿ ನೋಡಿಕೊಳ್ಳಬೇಕು.